ಅಲುಗಾಡದ ದುರ್ಬೀನು

ನಾನು ಶಾಶ್ವತ ಪರಿಹಾರದ ಮನುಷ್ಯ. ನೀರು ಸರಬರಾಜು ವಿಭಾಗದಲ್ಲಿ ಇಡೀ ಸರ್ವೀಸು ಸೋರುವ ಪೈಪುಗಳ ಹಿಂದೆ ಓಡಿದವನಿಗೆ ಒಂದು ಸತ್ಯ ಗೊತ್ತಾಗಿಯೇ ಆಗುತ್ತದೆ: ಅಲುಗಾಡುವುದೆಲ್ಲ ಒಂದಲ್ಲ ಒಂದು ದಿನ ಸೋರುತ್ತದೆ. ಆದ್ದರಿಂದ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿ ಅನಗತ್ಯವಾಗಿ ಅಲುಗಾಡುವ ವಸ್ತು ಒಂದೂ ಇಲ್ಲ. ಫ್ಯಾನಿನ ರೆಗ್ಯುಲೇಟರನ್ನು ಮೂರಕ್ಕೆ ತಂದು ಟೇಪ್ ಸುತ್ತಿದ್ದೇನೆ. ಟಿ.ವಿ. ರಿಮೋಟಿನಲ್ಲಿ ನನಗೆ ಬೇಡದ ಗುಂಡಿಗಳ ಮೇಲೆ ಬ್ಯಾಂಡೇಜು ಅಂಟಿಸಿದ್ದೇನೆ. ಬಚ್ಚಲುಮನೆಯ ಬಿಸಿನೀರಿನ ನಲ್ಲಿ ಹದವಾದ ಒಂದು ಜಾಗಕ್ಕೆ ಬಂದು ಅಲ್ಲೇ ನಿಂತುಬಿಟ್ಟಿದೆ. ನಮ್ಮಲ್ಲಿಗೆ ಬಂದ ನೆಂಟರು ಮೊದಲು ಗಾಬರಿಯಾಗುತ್ತಾರೆ, ಆಮೇಲೆ ಬೇಗ ಹೊರಡುತ್ತಾರೆ.

"ಈ ಮನೇಲಿ ತಿರುಗೋದು ಅಂತ ಉಳಿದಿರೋದು ನನ್ನ ತಲೆ ಒಂದೇ," ಎನ್ನುತ್ತಾಳೆ ನನ್ನ ಹೆಂಡತಿ ದಾಕ್ಷಾಯಣಿ.

ನಿವೃತ್ತಿಯಾದ ಮೇಲೆ ನನಗೆ ಹಕ್ಕಿ ನೋಡುವ ಹವ್ಯಾಸ ಹತ್ತಿತು. ಡಾಕ್ಟರು ಬೆಳಿಗ್ಗೆ ನಡೆಯಿರಿ ಎಂದಿದ್ದರು. ಸುಮ್ಮನೆ ನಡೆಯುವವನು ನಡುವೆ ನಿಂತರೆ ಜನ ಸೋಮಾರಿ ಎನ್ನುತ್ತಾರೆ, ಹಕ್ಕಿ ನೋಡುವವನು ನಿಂತರೆ ವಿಜ್ಞಾನಿ ಎನ್ನುತ್ತಾರೆ. ಕೆಲವೇ ವಾರಗಳಲ್ಲಿ ನಾನು ಎಷ್ಟು ದೊಡ್ಡ ವಿಜ್ಞಾನಿಯಾದೆನೆಂದರೆ, ನಡೆಯುವುದನ್ನೇ ಬಿಟ್ಟು ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡೆ. ಹಿಂದಿನ ಮನೆಯವರ ನುಗ್ಗೆ ಮರ ನನ್ನ ಅಭಯಾರಣ್ಯವಾಯಿತು.

ಆದರೆ ದುರ್ಬೀನು ಕೊಳ್ಳೋಣ ಎಂದು ಮೊದಲು ಬಾಯಿಬಿಟ್ಟವಳು ದಾಕ್ಷಾಯಣಿ. ಅವಳ ಕಾರಣವೇ ಬೇರೆ ಇತ್ತು.

ಅವಳ ತವರು ಭದ್ರಾವತಿ. ಅಲ್ಲಿ ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಬೀದಿಯಲ್ಲಿ ಅವಳ ತಾಯಿ ಲಿಂಗಮ್ಮನವರು, ತಮ್ಮ ಮುರುಗೇಶಪ್ಪ ಇದ್ದಾರೆ. ಬೀದಿಯ ತುದಿಯಲ್ಲಿ ಒಂದು ಭಾರಿ ಮಳೆಮರ, ಅದರ ಬೊಡ್ಡೆಯಲ್ಲಿ ಆಳೆತ್ತರಕ್ಕಿಂತ ಮೇಲೆ ಒಂದು ಪೊಟರೆ. ಪ್ರತಿ ಬೇಸಗೆಯಲ್ಲೂ ಒಂದು ಜೋಡಿ ಮಂಗಟ್ಟೆ ಹಕ್ಕಿ, ಅದೇ ದೊಡ್ಡ ಬಾಗು ಕೊಕ್ಕಿನದು, ಅಲ್ಲಿಗೆ ಬರುತ್ತದೆ. ಹೆಣ್ಣು ಪೊಟರೆಯೊಳಗೆ ಹೋಗಿ, ಬಾಗಿಲಿಗೆ ಒಳಗಿನಿಂದಲೇ ಗೋಡೆ ಕಟ್ಟಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು ಮೊಟ್ಟೆಗೆ ಕೂರುತ್ತದೆ. ಗಂಡು ಹೊರಗಿನಿಂದ ಹಣ್ಣು ತಂದು ಆ ಸೀಳಿನಲ್ಲಿ ತಿನ್ನಿಸುತ್ತದೆ. ಮರಿ ಬಲಿತ ಮೇಲೆ ಒಂದು ದಿನ ತಾಯಿ ಗೋಡೆ ಒಡೆದುಕೊಂಡು ಹೊರಗೆ ಬರುತ್ತದೆ. ಆ ದಿನ ನಮ್ಮತ್ತೆಗೆ ಹಬ್ಬ. ಕಾಫಿ ಲೋಟ ಹಿಡಿದು ಮರದ ಕೆಳಗೆ ನಿಂತು, ಮಗಳ ಬಾಣಂತನ ಮುಗಿಸಿದವರ ಗತ್ತಿನಲ್ಲಿ ಬೀದಿಗೆಲ್ಲ ಸುದ್ದಿ ಹೇಳುತ್ತಿದ್ದರು.

ಕಳೆದ ದೀಪಾವಳಿಯಲ್ಲಿ ಅವರು ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಪರೇಷನ್ ಆಯಿತು. ವಾಕರ್ ಹಿಡಿದು ನಡೆಯಬಹುದು ಎಂದು ಡಾಕ್ಟರು ಹೇಳಿದರೂ ಅತ್ತೆ ಹೊಸಿಲು ದಾಟಲಿಲ್ಲ. "ನಾಲ್ಕು ಜನ ನೋಡೋ ಹಂಗೆ ಕುಂಟ್ಕೊಂಡು ಬೀದಿಗೆ ಬರೋದಕ್ಕಿಂತ ಒಳಗೇ ಇರ್ತೀನಿ," ಎಂದುಬಿಟ್ಟರು. ಕಿಟಕಿಯಿಂದ ದೂರದ ಮರವೇನೋ ಕಾಣುತ್ತದೆ, ಪೊಟರೆ ಬರೀ ಕಣ್ಣಿಗೆ ಕಾಣುವುದಿಲ್ಲ.

"ಅವ್ವ ಈ ವರ್ಷ ಹಕ್ಕಿ ಬಂತಾ ಅಂತಾನೂ ಕೇಳಲಿಲ್ಲ ಕಣ್ರೀ," ಎಂದಳು ದಾಕ್ಷಾಯಣಿ. "ಕಿಟಕಿ ಕಡೆ ಕುರ್ಚಿ ಹಾಕಿದ್ರೆ ಗೋಡೆ ಕಡೆ ತಿರುಗ್ತಾಳೆ. ಆ ಹಕ್ಕಿ ಹೊರಗೆ ಬರೋದನ್ನ ಒಂದು ಸಲ ಅವಳಿಗೆ ತೋರಿಸ್ಬೇಕು. ನಂಗೆ ಅಷ್ಟೇ ಸಾಕು."

ಅಂದೇ ಸಂಜೆ ಗಾಂಧಿ ಬಜಾರಿಗೆ ಹೊರಟೆವು.

ಗಡಿಯಾರ, ಕನ್ನಡಕ ಮಾರುವ ಹಳೆಯ ಅಂಗಡಿಯೊಂದರಲ್ಲಿ ಮಾಲೀಕ ಸಾಹೇಬರು ಮೊದಲು ತೆಗೆದದ್ದು ಮೊಣಕೈ ಉದ್ದದ ಒಂದು ದುರ್ಬೀನು. "ಇದು ಏಕ್‌ದಂ ಪವರ್‌ಫುಲ್ ಸಾರ್. ಹುಣ್ಣಿಮೆ ದಿನ ಚಂದ್ರನ ಮೇಲಿನ ಗುಂಡಿ ಎಣಿಸ್ಬಹುದು."

ರಸ್ತೆಯಲ್ಲಿ ತಾನೇ ತೋಡಿದ ಗುಂಡಿಗಳನ್ನು ಎಣಿಸಿ ಮುಗಿಸದ ಇಲಾಖೆಯಿಂದ ಬಂದ ನನಗೆ ಈ ಮಾತು ಹಿಡಿಸಿತು. ಕಣ್ಣಿಗಿಟ್ಟುಕೊಂಡು ಎದುರಿನ ಬಟ್ಟೆ ಅಂಗಡಿಯ ಬೋರ್ಡು ನೋಡಿದೆ. ಬೋರ್ಡು ಭೂಕಂಪಕ್ಕೆ ಸಿಕ್ಕಂತೆ ಅದುರುತ್ತಿತ್ತು.

"ಏನ್ರೀ ಇದು, ಇಡೀ ಗಾಂಧಿ ಬಜಾರೇ ಕುಣೀತಿದೆ?"

"ಬಜಾರು ನಿಂತಲ್ಲೇ ಇದೆ ಸಾರ್. ಕುಣೀತಿರೋದು ನಿಮ್ಮ ಕೈ. ಪವರ್ ಜಾಸ್ತಿ ಆದ್ರೆ ಕೈನ ನಡುಕಾನೂ ಅಷ್ಟೇ ಜಾಸ್ತಿ ಕಾಣ್ತದೆ."

ದಾಕ್ಷಾಯಣಿ ಅದನ್ನು ಕಬ್ಬಿಣದ ಕಾವಲಿ ಕೊಳ್ಳುವವಳಂತೆ ಕೈಯಲ್ಲಿ ತೂಗಿ ವಾಪಸ್ ಇಟ್ಟಳು. "ದಿನಾ ಎತ್ತೋಕೆ ಆಗದೇ ಇರೋದು ಅಟ್ಟಕ್ಕೆ ಹೋಗುತ್ತೆ. ದೊಡ್ಡ ಕುಕ್ಕರ್ ಎಲ್ಲಿದೆ ಹೇಳಿ ನೋಡೋಣ?"

ದೊಡ್ಡ ಕುಕ್ಕರ್ ಅಟ್ಟದ ಮೇಲಿತ್ತು.

ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ ಒಂದು ಸಾಧಾರಣ ದುರ್ಬೀನನ್ನು ಅವಳೇ ಆರಿಸಿದಳು. ಅದನ್ನು ಮಡಚಿದಳು, ಬಿಡಿಸಿದಳು. "ಸಣ್ಣ ಮುಖದೋರಿಗೂ ಆಗುತ್ತಾ ಇದು?"

"ಆಗ್ತದೆ ಅಮ್ಮಾ. ನಡುವೆ ಮಡಚಿಕೊಂಡ್ರೆ ನಿಮಗೆ, ಅಗಲಿಸಿದ್ರೆ ಸಾರ್‌ಗೆ. ಈ ಗಾಲಿ ತಿರುಗಿಸಿದ್ರೆ ಹತ್ತಿರದ್ದೂ ಬರ್ತದೆ, ದೂರದ್ದೂ ಬರ್ತದೆ. ಮನೆಮಂದಿಗೆಲ್ಲ ಒಂದೇ ಸಾಕು."

"ಹಂಗಾದ್ರೆ ಅವ್ವನಿಗೂ ಆಗುತ್ತೆ," ಎಂದು ಅವಳು ಚೀಲದೊಳಗೆ ಇಟ್ಟುಕೊಂಡಳು. ಮನೆಮಂದಿಗೆಲ್ಲ ಎಂಬ ಆ ಮಾತಿನ ಅಪಾಯ ನನಗೆ ಆಗ ತಿಳಿಯಲಿಲ್ಲ.

ಮರುದಿನದಿಂದಲೇ ಕಿರಿಕಿರಿ ಶುರುವಾಯಿತು. ನನ್ನ ಮುಖ ಅಗಲ, ಅವಳದು ಚಿಕ್ಕದು. ನಾನು ನುಗ್ಗೆ ಮರಕ್ಕೆ ಸರಿಮಾಡಿ ಇಟ್ಟು ಸ್ನಾನಕ್ಕೆ ಹೋದರೆ, ಅವಳು ಅದನ್ನು ಮಡಚಿ, ಗಾಲಿ ತಿರುಗಿಸಿ, ಬೀದಿಯ ಕೊನೆಯ ತೆಂಗಿನ ಮರ ನೋಡಿಬಿಟ್ಟಿರುತ್ತಿದ್ದಳು. ಭದ್ರಾವತಿಯ ಮರದಷ್ಟು ದೂರಕ್ಕೆ ಕೈ ಪಳಗಿಸಿಕೊಳ್ಳುತ್ತಿದ್ದಾಳೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ನುಗ್ಗೆ ಮರಕ್ಕೆ ಹೊನ್ನಕ್ಕಿ ಬಂತು. ಅದಕ್ಕಾಗಿ ನಾನು ವಾರಗಟ್ಟಲೆ ಕಾದಿದ್ದೆ. ದುರ್ಬೀನು ಎತ್ತಿ ಕಣ್ಣಿಗಿಟ್ಟರೆ ಅರಿಶಿನ ಕಲಸಿದ ನೀರು ಬಿಟ್ಟರೆ ಬೇರೇನೂ ಇಲ್ಲ. ಅಗಲ ಸರಿಮಾಡಿ, ಗಾಲಿ ತಿರುಗಿಸಿ, ಎಲ್ಲ ನಿಚ್ಚಳವಾದಾಗ ಕೊಂಬೆ ಮಾತ್ರ ತೂಗುತ್ತಿತ್ತು.

"ನೀನು ಮುಟ್ಟಿದ್ದಕ್ಕೇ ಹೋಯ್ತು!" ಎಂದು ಕೂಗಿದೆ.

"ಹಕ್ಕೀನಾ ನಾನು ಮುಟ್ಟಿದ್ದು?"

"ದುರ್ಬೀನ್ನ."

"ತಿರುಗ್ಸೋಕೆ ಅಂತಾನೇ ಗಾಲಿ ಇಟ್ಟಿದ್ದಾರೆ ಮಾರಾಯ್ರೆ. ನೀವು ತಿರುಗ್ಸಿ, ನಾನು ತಿರುಗ್ಸ್ತೀನಿ. ಅದೇನು ಸವೆದು ಹೋಗುತ್ತಾ?"

ಉತ್ತರ ಹೊಳೆಯದ ಗಂಡಸು ರಿಪೇರಿಗೆ ಕೈ ಹಾಕುತ್ತಾನೆ. ಅವಳು ಮಹಿಳಾ ಸಂಘದ ಮೀಟಿಂಗಿಗೆ ಹೋದ ಮಧ್ಯಾಹ್ನ ನನ್ನ ಹಳೆಯ ಡಬ್ಬಿಯಿಂದ ಪೈಪಿನ ಸೋರಿಕೆ ಮುಚ್ಚುವ ಎಂ-ಸೀಲ್ ತೆಗೆದೆ. ಎರಡು ಬಣ್ಣದ ಹಿಟ್ಟನ್ನೂ ಚಪಾತಿಗೆ ನಾದುವ ಹಾಗೆ ನಾದಿ, ದುರ್ಬೀನನ್ನು ನನ್ನ ಮುಖದ ಅಗಲಕ್ಕೆ ಬಿಡಿಸಿ, ನಡುವಿನ ಕೀಲಿಗೆ ಮೆತ್ತಿದೆ. ಗಾಲಿಯನ್ನು ಮುಟ್ಟುವ ಉದ್ದೇಶ ನನಗಿರಲಿಲ್ಲ, ದೇವರಾಣೆ. ಅಗಲವೊಂದು ನಿಂತರೆ ಸಾಕಿತ್ತು. ಬಿಸಿಲಿಗೆ ಬೇಗ ಗಟ್ಟಿಯಾಗಲಿ ಎಂದು ತಾರಸಿಯಲ್ಲಿ ಇಟ್ಟು ಒಂದು ನಿದ್ದೆ ತೆಗೆದೆ.

ಎದ್ದು ನೋಡಿದರೆ ಕೀಲು ಬಂಡೆಯಾಗಿತ್ತು. ಗಾಲಿಯೂ ಬಂಡೆಯಾಗಿತ್ತು. ಮೆತ್ತನೆಯ ಹಿಟ್ಟು ಬಿಸಿಲಿಗೆ ಇಳಿದು ಗಾಲಿಯ ಸಂದಿಯನ್ನೂ ತುಂಬಿತ್ತು. ಕೊಬ್ಬರಿ ಎಣ್ಣೆ ಬಿಟ್ಟೆ. ಬಿಸಿನೀರಿನ ಬಟ್ಟೆ ಸುತ್ತಿದೆ. ಇಕ್ಕಳ ಹಾಕಿ ಎಳೆದೆ. ಏನೂ ಆಗಲಿಲ್ಲ. ನಾನು ಮುಚ್ಚಿದ ಪೈಪು ಮತ್ತೆ ತೆರೆದ ಚರಿತ್ರೆ ಶಿವಮೊಗ್ಗದಲ್ಲೇ ಇಲ್ಲ ಎಂದು ಆಫೀಸಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡವನು ನಾನೇ.

ಈಗ ನನ್ನ ದುರ್ಬೀನಿಗೆ ಲೋಕದಲ್ಲಿ ಒಂದೇ ದೂರ ಗೊತ್ತಿತ್ತು: ನನ್ನ ತಾರಸಿಯಿಂದ ನುಗ್ಗೆ ಮರದ ತನಕ. ಅದಕ್ಕಿಂತ ಹತ್ತಿರದ್ದು ಹೊಗೆ, ದೂರದ್ದು ಮಂಜು. ನಾನು ಅದಕ್ಕೊಂದು ಬಟ್ಟೆಯ ಚೀಲ ತೊಡಿಸಿ ಬೀರುವಿನ ಮೇಲಿಟ್ಟೆ.

"ಯಾಕ್ರೀ, ದುರ್ಬೀನು ಮುಟ್ತಾನೇ ಇಲ್ಲ?" ಎಂದಳು ದಾಕ್ಷಾಯಣಿ.

"ಗಾಜಿಗೆ ಸ್ವಲ್ಪ ವಿಶ್ರಾಂತಿ ಬೇಕಂತೆ."

ಅವಳು ನಂಬಿದಳು. ಅದೇ ನನಗೆ ಚುಚ್ಚುತ್ತಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಒಂದು ಭಾನುವಾರ ಬೆಳಿಗ್ಗೆ ಮುರುಗೇಶಪ್ಪನ ಫೋನು ಬಂತು.

"ಅಕ್ಕ, ಹಕ್ಕಿ ಒಳಗಿಂದ ಗೋಡೆ ಕುಟ್ತಾ ಇದೆ. ಆಗ್ಲೇ ಒಂದು ಚೂರು ಉದುರಿದೆ. ಇವತ್ತು ಬಿಟ್ರೆ ಸಿಗಲ್ಲ, ಬೇಗ ಬಾ."

ದಾಕ್ಷಾಯಣಿ ತಿಂಡಿಯನ್ನೂ ತಿನ್ನದೆ ಹೊರಟಳು. ಭದ್ರಾವತಿ ಬಸ್ಸಿನಲ್ಲಿ ಆ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈ ಅದರ ಮೇಲಿಟ್ಟು ಕೂತಿದ್ದಳು. "ಅವ್ವ ಇವತ್ತು ನಗ್ತಾಳೆ ನೋಡ್ತಾ ಇರಿ," ಎಂದಳು. ಆಗಲಾದರೂ ಬಾಯಿಬಿಡಬಹುದಿತ್ತು. ನಾನು ಕಿಟಕಿಯಾಚೆಯ ಗದ್ದೆ ನೋಡುತ್ತಾ ಕೂತೆ.

ಮನೆ ತಲುಪಿದಾಗ ಅತ್ತೆ ಎಂದಿನಂತೆ ಗೋಡೆಗೆ ಮುಖ ಮಾಡಿ ಕೂತಿದ್ದರು. ದಾಕ್ಷಾಯಣಿ ಕುರ್ಚಿಯನ್ನು ಕಿಟಕಿಗೆ ತಿರುಗಿಸಿ, ದುರ್ಬೀನನ್ನು ಚೀಲದಿಂದ ತೆಗೆದವಳೇ ತಾಯಿಯ ಕಣ್ಣಿಗೆ ಹಿಡಿದಳು.

"ಏನ್ ಕಾಣುತ್ತೆ ಅವ್ವ?"

"ಮಂಜು."

"ನಡುವೆ ಗಾಲಿ ಇದೆ, ತಿರುಗ್ಸು."

"ಗಾಲಿ ಎಲ್ಲಿ ತಿರುಗುತ್ತೆ? ಕಲ್ಲಿನಂಗಿದೆ."

ದಾಕ್ಷಾಯಣಿ ತಾನೇ ತಿರುಗಿಸಲು ನೋಡಿದಳು. ಮಡಚಲು ನೋಡಿದಳು. ಬೆಳಕಿಗೆ ಹಿಡಿದು, ಗಟ್ಟಿಯಾಗಿದ್ದ ಉಂಡೆಯ ಮೇಲೆ ಬೆರಳಾಡಿಸಿದಳು. ಅದರ ಮೇಲೆ ನನ್ನ ಹೆಬ್ಬೆರಳ ಗುರುತು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿದಷ್ಟು ಸ್ಪಷ್ಟವಾಗಿ ಮೂಡಿತ್ತು.

"ಏನ್ರೀ ಇದು?"

"ಎಂ-ಸೀಲ್."

"ಯಾಕೆ?"

"ಅಲುಗಾಡಬಾರ್ದು ಅಂತ."

ಅವಳು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದರಲ್ಲಿ ನನಗೆ ಅನುಭವವಿದೆ. ಅವಳು ದುರ್ಬೀನನ್ನು ಕಿಟಕಿಯ ದಂಡೆಗೆ ಇಟ್ಟು, ಖಾಲಿ ಚೀಲವನ್ನು ಮಡಚತೊಡಗಿದಳು. ನನಗೆ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು.

"ಹೋಗ್ಲಿ ಬಿಡೆ," ಎಂದರು ಅತ್ತೆ. "ನಂಗೇನು ನೋಡ್ಲೇಬೇಕು ಅಂತ ಆಸೆ ಇತ್ತಾ?" ಅಷ್ಟು ಹೇಳಿ, ಕಾಲಿನಿಂದ ನೆಲ ಒತ್ತಿ ಕುರ್ಚಿಯನ್ನು ಇಷ್ಟಿಷ್ಟೇ ಗೋಡೆಯ ಕಡೆಗೆ ತಿರುಗಿಸತೊಡಗಿದರು. ಆ ಕುರ್ಚಿಯ ಕಿರಗುಟ್ಟುವ ಸದ್ದನ್ನು ನನಗೆ ಕೇಳಲಾಗಲಿಲ್ಲ.

ಕೊನೆಗೆ ನನ್ನೊಳಗಿನ ಪೈಪಿನ ಮನುಷ್ಯ ಎದ್ದ. ನಲ್ಲಿ ಮನೆಗೆ ಬಾರದಿದ್ದರೆ ಕೊಡ ನಲ್ಲಿಗೆ ಹೋಗಬೇಕು. ದುರ್ಬೀನನ್ನು ಎತ್ತಿಕೊಂಡು ಬೀದಿಗೆ ಇಳಿದೆ. ಕಣ್ಣಿಗಿಟ್ಟುಕೊಂಡೇ ಮರದ ಕಡೆಗೆ ನಡೆದೆ. ಮರ ಮಂಜಾಗಿತ್ತು. ಇನ್ನಷ್ಟು ನಡೆದೆ. ಯಾರದೋ ಒಣಹಾಕಿದ ಲುಂಗಿ ಮುಖಕ್ಕೆ ಬಡಿಯಿತು. ಯಾರದೋ ರಂಗೋಲಿ ತುಳಿದೆ, ಬೈಗುಳ ಬಂತು, ಅದೂ ತಮಿಳಿನಲ್ಲಿ. ಬೀದಿಯ ಬಹುಪಾಲು ಮುಗಿದ ಮೇಲೆ ಮಂಜು ಸರಿದು ಪೊಟರೆ ಕಂಡಿತು: ಸೀಳು, ಸೀಳಿನಲ್ಲಿ ಆಡುವ ಕೊಕ್ಕಿನ ತುದಿ, ಉದುರುವ ಮಣ್ಣು. ಸಂತೋಷದಿಂದ ಮುಂದಕ್ಕೆ ಹೆಜ್ಜೆ ಇಟ್ಟು ಒಂದು ಆಟೋಕ್ಕೆ ಡಿಕ್ಕಿ ಹೊಡೆದೆ. ಆರ್ಮುಗಂ ಎಂಬವನು ಅದನ್ನು ತೊಳೆಯುತ್ತಿದ್ದ.

"ಸ್ವಲ್ಪ ಆಟೋ ಹಿಂದಕ್ಕೆ ತಗೋಳಪ್ಪ. ಈ ಜಾಗ ಬೇಕು."

"ಯಾರಿಗೆ ಸಾರ್?"

"ನಮ್ಮತ್ತೆ ಇಲ್ಲಿ ಕೂರ್ಬೇಕು."

ಅವನ ಕೈಯಲ್ಲಿದ್ದ ಬಟ್ಟೆ ನಿಂತಿತು. "ಲಿಂಗಮ್ಮ ಪಾಟಿನಾ? ಪಾಟಿ ಆಚೆ ಬರ್ತಾರಾ ಸಾರ್?" ಎಂದವನು, ನನ್ನ ಉತ್ತರಕ್ಕೂ ಕಾಯದೆ ಆಟೋ ತಳ್ಳಿ, ಒದ್ದೆ ನೆಲಕ್ಕೆ ಎರಡು ಗೋಣಿಚೀಲ ಹಾಸಿದ.

ಮನೆಗೆ ಓಡಿ ವಿಷಯ ಹೇಳಿದೆ. ಆದರೆ ತಮಿಳರ ಈ ಪಾಟಿ, ಅಂದರೆ ಅಜ್ಜಿ, ಒಪ್ಪಬೇಕಲ್ಲ. "ಬೀದೀಲಿ ನನ್ನ ಮೆರವಣಿಗೆ ಮಾಡ್ತೀರಾ?" ಎಂದರು ಅತ್ತೆ. "ಅಯ್ಯೋ ಪಾಪ ಅನ್ನಿಸ್ಕೊಂಡು ನಾನು ಹೋಗಲ್ಲ. ನಾಲ್ಕು ಜನ ನೋಡ್ತಾರೆ."

ನಾನು ಅವರ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಅತ್ತೆ, ಇವತ್ತು ನೀವು ಯೋಚ್ನೆ ಮಾಡ್ಬೇಡಿ. ದುರ್ಬೀನಿಗೆ ಎಂ-ಸೀಲ್ ಹಚ್ಚಿದೋನು ಪಕ್ಕದಲ್ಲಿ ನಿಂತಿರುವಾಗ ನಿಮ್ಮನ್ನ ಯಾರು ನೋಡ್ತಾರೆ? ನಾಲ್ಕು ಜನಾನೂ ನನ್ನನ್ನೇ ನೋಡ್ತಾರೆ."

ಅತ್ತೆ ನನ್ನನ್ನು ನೋಡಿದರು. ಕುತ್ತಿಗೆಯಲ್ಲಿ ನೇತಾಡುವ ದುರ್ಬೀನು ನೋಡಿದರು. ಹೆಗಲ ಮೇಲೆ ಇನ್ನೂ ಇದ್ದ ಯಾರದೋ ಲುಂಗಿ ನೋಡಿದರು. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಬಂತು. ದೀಪಾವಳಿಯಾದ ಮೇಲೆ ಆ ಮನೆಯಲ್ಲಿ ಆ ನಗು ಕೇಳಿರಲಿಲ್ಲ. ದಾಕ್ಷಾಯಣಿ ಕಣ್ಣೊರೆಸಿಕೊಂಡಳು.

"ಅದೂ ಸರಿ," ಎಂದರು ಅತ್ತೆ. "ಎತ್ತಿ."

ಮುರುಗೇಶಪ್ಪ ಒಂದು ಕಡೆ, ನಾನೊಂದು ಕಡೆ ಕುರ್ಚಿ ಹಿಡಿದೆವು. "ಭಾವ, ಓರೆ ಮಾಡಿ, ಬಾಗ್ಲು ಚಿಕ್ಕದು," ಎಂದ ಅವನು. ಓರೆ ಮಾಡಿದಾಗ ದುರ್ಬೀನು ತೂಗಿ ಅತ್ತೆಯ ಹಣೆಗೆ ಟಣ್ ಎಂದು ಬಡಿಯಿತು. "ಮುರಿದಿರೋದು ಸೊಂಟ ಅಳಿಯಂದ್ರೆ, ತಲೆ ಅಲ್ಲ," ಎಂದರು ಅತ್ತೆ. ಹೊಸಿಲು ದಾಟುವಾಗ ಅವರು ನನ್ನ ಅಂಗಿಯ ಕಾಲರನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಬೀದಿಗೆ ಇಳಿದ ಮೇಲೆ ಆ ಹಿಡಿತ ನಿಧಾನಕ್ಕೆ ಸಡಿಲವಾಯಿತು. ರಂಗೋಲಿಯ ಹೆಂಗಸೂ ಬೈಯುವುದನ್ನು ಬಿಟ್ಟು ನಮ್ಮ ಹಿಂದೆ ಬಂದಳು.

ಗೋಣಿಚೀಲದ ಮೇಲೆ ಕುರ್ಚಿ ಇಳಿಸಿ ನಾನು ಅಳತೆಗೆ ತೊಡಗಿದೆ. ಒಂದು ಗೇಣು ಮುಂದೆ. ಅರ್ಧ ಗೇಣು ಹಿಂದೆ. ಅತ್ತೆಯ ಮುಖ ಚಿಕ್ಕದು, ನನ್ನ ಮುಖಕ್ಕೆ ಅಗಲಿಸಿದ ದುರ್ಬೀನಿನಲ್ಲಿ ಅವರ ಒಂದು ಕಣ್ಣಷ್ಟೇ ಕೂರುತ್ತಿತ್ತು. "ಎಡಗಣ್ಣು ಮುಚ್ಚಿ ಅತ್ತೆ, ಬಲಗಣ್ಣಲ್ಲಿ ನೋಡಿ. ಬಂತಾ? ಈಗ ಬಂತಾ?" ಎನ್ನುತ್ತಾ ಕುರ್ಚಿಯನ್ನು ಜರುಗಿಸುತ್ತಲೇ ಇದ್ದೆ.

ಅಷ್ಟರಲ್ಲಿ ಸುತ್ತಲಿನ ಮಾತೆಲ್ಲ ನಿಂತಿತು. ಮರದಿಂದ ಟಕ್ ಟಕ್ ಎಂಬ ಸದ್ದು. ಅತ್ತೆ ದುರ್ಬೀನನ್ನು ಕಣ್ಣಿನಿಂದ ತೆಗೆದು, ನೋಡದೆಯೇ ನನ್ನ ಕಡೆಗೆ ಚಾಚಿದರು.

"ಯಾಕೆ ಅತ್ತೆ, ಕಾಣ್ತಿಲ್ವಾ?"

"ಇಷ್ಟು ಹತ್ರ ಬಂದ್ಮೇಲೆ ಇದ್ಯಾಕೆ ಅಳಿಯಂದ್ರೆ? ಬರೀ ಕಣ್ಣಿಗೇ ಕಾಣುತ್ತೆ. ಸ್ವಲ್ಪ ಸರೀರಿ, ನೀವು ಅಡ್ಡ ನಿಂತಿದ್ದೀರಿ."

ಬೀದಿಯ ಜನವೆಲ್ಲ ಬರೀ ಕಣ್ಣಿನಲ್ಲೇ ನೋಡುತ್ತಿದ್ದರು. ದುರ್ಬೀನು ಇದ್ದವನು ನಾನೊಬ್ಬನೇ. ಸರಿದು ಸರಿದು ಆಟೋದ ಹಿಂದಕ್ಕೆ ಹೋಗಿ ಅದನ್ನು ಕಣ್ಣಿಗಿಟ್ಟುಕೊಂಡೆ, ಅಲ್ಲಿಂದ ಮಂಜು. ನಾನು ಮಂಜು ನೋಡುತ್ತಿರುವಾಗ ಗೋಡೆಯ ದೊಡ್ಡ ಹೆಂಟೆಯೊಂದು ಬಿದ್ದ ಸದ್ದಾಯಿತು. ಜನ ಒಟ್ಟಿಗೆ ಉಸಿರೆಳೆದುಕೊಂಡರು. ದುರ್ಬೀನು ಇಳಿಸುವಷ್ಟರಲ್ಲಿ ಹಕ್ಕಿ ಹೊರಗೆ ಬಂದು ಕೊಂಬೆಯ ಮೇಲೆ ಕೂತಾಗಿತ್ತು.

ಅದು ನೋಡಲು ಚೆನ್ನಾಗೇನೂ ಇರಲಿಲ್ಲ. ಮೈಯೆಲ್ಲ ಮಣ್ಣು, ಬಾಲದ ಗರಿ ಸೊಟ್ಟ, ಕೊಂಬೆಯ ಮೇಲೆ ಸರಿಯಾಗಿ ನಿಲ್ಲಲೂ ಆಗುತ್ತಿರಲಿಲ್ಲ. ಒಮ್ಮೆ ಜಾರಿ, ರೆಕ್ಕೆ ಬಡಿದು, ಮತ್ತೆ ಹಿಡಿದುಕೊಂಡಿತು.

"ಕಾಲು ಹಿಡ್ಕೊಂಡಿರುತ್ತೆ ಪಾಪ, ಎಷ್ಟು ದಿನದಿಂದ ಒಳಗೇ ಕೂತಿತ್ತಲ್ಲ," ಎಂದರು ಅತ್ತೆ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, "ಇಷ್ಟು ಜನ ನೋಡ್ತಿದ್ದಾರೆ, ಅದಕ್ಕೇನಾದ್ರೂ ನಾಚ್ಕೆ ಇದೆಯಾ ನೋಡು," ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ದಾಕ್ಷಾಯಣಿ ಹಕ್ಕಿಯನ್ನು ನೋಡುತ್ತಲೇ ಇರಲಿಲ್ಲ. ಅವಳು ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಹಕ್ಕಿ ಹಾರಿಹೋದ ಮೇಲೂ ಅತ್ತೆ ಒಳಗೆ ಹೋಗಲು ಒಪ್ಪಲಿಲ್ಲ. ರಂಗೋಲಿಯ ಹೆಂಗಸು ಕಾಫಿ ತಂದಳು. ಆರ್ಮುಗಂ ಆಟೋದ ಹಾಡು ಹಾಕಿದ. ಪೊಟರೆಯೊಳಗೆ ಇನ್ನೂ ಮರಿಗಳಿವೆ, ಅವೂ ಹೊರಗೆ ಬರಬೇಕು ಎಂದು ಅತ್ತೆ ಎಲ್ಲರಿಗೂ ಪಾಠ ಹೇಳುತ್ತಿದ್ದರು. ನಾನು ತಪ್ಪಿತಸ್ಥನಂತೆ ಅವರ ಹತ್ತಿರ ಹೋದೆ.

"ಅತ್ತೆ, ನಾಳೇನೇ ಗಾಂಧಿ ಬಜಾರಿಗೆ ಹೋಗಿ ಬೇರೆ ದುರ್ಬೀನು ತರ್ತೀನಿ. ಚೆನ್ನಾಗಿ ತಿರುಗೋವಂಥದ್ದು. ಮರಿಗಳನ್ನ ಕಿಟಕೀಲಿ ಕೂತೇ ನೋಡಬಹುದು."

ಅತ್ತೆ ಕಾಫಿ ಲೋಟ ಕೆಳಗಿಟ್ಟರು.

"ಅದೆಲ್ಲ ಏನೂ ಬೇಡಿ. ಮರಿ ಹಾರೋ ತನಕ ದಿನಾ ಬೆಳಿಗ್ಗೆ ಬಂದ್ಬಿಡಿ, ಅಷ್ಟು ಸಾಕು. ಬರುವಾಗ ಮಾತ್ರ ಕೈಯಲ್ಲಿ ಏನೂ ಹಿಡ್ಕೊಂಡು ಬರ್ಬೇಡಿ ಅಳಿಯಂದ್ರೆ. ಎರಡೂ ಕೈ ಖಾಲಿ ಇರ್ಲಿ, ಕುರ್ಚಿ ಎತ್ತೋಕೆ."